ಸಾಗರ ಉಪ್ಪಿನ ಬಕೆಟ್ಟಿಗೆ ತಿರುಪು ಮುಚ್ಚಳ: ತೇವ ಎಲ್ಲಿ ನಿಲ್ಲುತ್ತದೆ, ಎಲ್ಲಿ ನುಸುಳುತ್ತದೆ

ಸಾಗರ ಅಕ್ವೇರಿಯಂಗೆ ಬೇಕಾದ ಉಪ್ಪು ಮಿಶ್ರಣವನ್ನು ದೊಡ್ಡ ಪ್ರಮಾಣದಲ್ಲಿ ಕೊಂಡರೆ ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬರುತ್ತದೆ. ಬಕೆಟ್ಟಿನ ಒತ್ತುಮುಚ್ಚಳ ಮೊದಲ ಸಲ ಉಗುರು ಕಿತ್ತು ಬರುವಷ್ಟು ಬಿಗಿಯಾಗಿರುತ್ತದೆ. ಹತ್ತು ಸಲ ಎಬ್ಬಿಸಿದ ಮೇಲೆ ಅಂಚು ಅಲ್ಲಲ್ಲಿ ಬಿಳಿಚಿ, ಬಾಗಿ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಇದಕ್ಕೆ ಪರಿಹಾರವಾಗಿ ಸಿಗುವುದು ಎರಡು ಭಾಗದ ತಿರುಪು ಮುಚ್ಚಳ. ಬಕೆಟ್ಟಿನ ಬಾಯಿಗೆ ಶಾಶ್ವತವಾಗಿ ಕೂರುವ ಒಂದು ರಿಂಗ್, ಅದರೊಳಗೆ ತಿರುಗಿ ಬಿಗಿಯುವ ಒಂದು ಮುಚ್ಚಳ, ಎರಡು ಕಡೆ ರಬ್ಬರ್ ಗ್ಯಾಸ್ಕೆಟ್. ಈ ಬಗೆಯಲ್ಲಿ ಹೆಚ್ಚು ಪರಿಚಿತ ಹೆಸರು ಗಾಮಾ ಸೀಲ್. ಬೇರೆ ತಯಾರಕರ ಮುಚ್ಚಳಗಳೂ ಹೆಚ್ಚುಕಡಿಮೆ ಇದೇ ವಿನ್ಯಾಸದವು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಕೆಟ್ಟು ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಾಳುವುದಾದರೆ ಈ ಮುಚ್ಚಳ ಕೊಳ್ಳಬಹುದು. ಒಂದೇ ತಿಂಗಳಲ್ಲಿ ಖಾಲಿ ಮಾಡುವವರಿಗೆ ಬೇಡ. ಕೊಂಡವರಲ್ಲಿಯೂ ಅನೇಕರು ಅದನ್ನು ಅರ್ಧ ಕೂರಿಸಿ, ಒದ್ದೆ ಲೋಟ ಒಳಗಿಳಿಸಿ, ಕೊನೆಗೆ ಉಪ್ಪು ಕಲ್ಲಾಯಿತೆಂದು ಮುಚ್ಚಳವನ್ನು ದೂರುತ್ತಾರೆ. ಆದ್ದರಿಂದ ಮುಚ್ಚಳದ ಗುಣದೋಷಕ್ಕೆ ಹೋಗುವ ಮೊದಲು ನೀರು ಎಷ್ಟು, ಯಾವ ದಾರಿಯಲ್ಲಿ ಒಳಬರುತ್ತದೆ ಎಂಬ ಲೆಕ್ಕ ನೋಡಬೇಕು.

ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಆರ್ದ್ರತೆ ಶೇ. 75 ದಾಟುವವರೆಗೆ ತಾನಾಗಿ ನೀರಾಗುವುದಿಲ್ಲ. ಸಾಗರ ಮಿಶ್ರಣದಲ್ಲಿ ಅದರ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತವೆ. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಆರ್ದ್ರತೆ ಸಾಕು, ಕ್ಯಾಲ್ಸಿಯಂ ಕ್ಲೋರೈಡಿಗೆ ಅದಕ್ಕಿಂತಲೂ ಕಡಿಮೆ. ಮೇಲಾಗಿ, ಹಲವು ಲವಣಗಳು ಒಟ್ಟಿಗಿದ್ದಾಗ ಮಿಶ್ರಣವು ನೀರು ಹೀರಲು ತೊಡಗುವ ಮಟ್ಟ ಪ್ರತಿಯೊಂದು ಲವಣದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಮನುಷ್ಯರು ಹಿತವಾಗಿ ಬದುಕುವ ಯಾವ ಕೋಣೆಯ ಗಾಳಿಯೂ ಈ ಉಪ್ಪಿಗೆ ಒಣ ಗಾಳಿಯಲ್ಲ. ತೆರೆದಿಟ್ಟರೆ ಹೀರಿಯೇ ಹೀರುತ್ತದೆ.

ಹೀರಿದ ನೀರು ಉಂಡೆ ಕಟ್ಟಿಸಿ ಸುಮ್ಮನಾದರೆ ಚಿಂತೆಯಿರಲಿಲ್ಲ. ಹರಳುಗಳ ಮೇಲೆ ತೆಳುವಾದ ನೀರಿನ ಪದರ ನಿಂತಾಗ ಅದರಲ್ಲಿ ಕ್ಯಾಲ್ಸಿಯಂ ಕರಗುತ್ತದೆ, ಬೈಕಾರ್ಬೊನೇಟೂ ಕರಗುತ್ತದೆ. ಒಣಗಿದ್ದಾಗ ಅಕ್ಕಪಕ್ಕ ಕುಳಿತೂ ಮುಟ್ಟದ ಇವೆರಡು ಈಗ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತವೆ. ಅದು ಮತ್ತೆ ನೀರಿನಲ್ಲಿ ಕರಗದ ಸುಣ್ಣದ ಹುಡಿ. ಈ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಜೊತೆಗೆ ನೀರೂ ಹುಟ್ಟುತ್ತದೆ. ಹುಟ್ಟಿದ ನೀರು ಪಕ್ಕದ ಹರಳನ್ನು ಕರಗಿಸುತ್ತದೆ. ಒಮ್ಮೆ ಶುರುವಾದ ಕೇಡು ಹೊರಗಿನ ತೇವ ನಿಂತರೂ ಸ್ವಲ್ಪ ದೂರ ತಾನಾಗಿ ಸಾಗುವುದು ಇದರಿಂದ. ಬಿಗಿಯಾಗಿ ಕಟ್ಟಿದ ಒಳಚೀಲ ಗಾಳಿ ತುಂಬಿದಂತೆ ಉಬ್ಬಿದ್ದರೆ ಒಳಗೆ ಈ ಅನಿಲ ಹುಟ್ಟಿದೆಯೆಂದು ಅನುಮಾನಿಸಬೇಕು. ಅಂಥ ಉಪ್ಪು ಬೆರೆಸಿದಾಗ ನೀರು ಹಾಲಿನಂತೆ ಮಸುಕಾಗಿ, ಕ್ಷಾರತೆ (ಮುಖ್ಯವಾಗಿ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆ) ಮತ್ತು ಕ್ಯಾಲ್ಸಿಯಂ ಬಕೆಟ್ಟಿನ ಮೇಲೆ ಬರೆದದ್ದಕ್ಕಿಂತ ಕಡಿಮೆ ತೋರಿಸುತ್ತವೆ.

ಈಗ ಲೆಕ್ಕ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ. ಆರ್ದ್ರತೆ ಶೇ. 80 ಇದ್ದರೆ 24 ಗ್ರಾಂ. 20 ಲೀಟರಿನ ಬಕೆಟ್ಟು ಹೆಚ್ಚೂಕಡಿಮೆ ಖಾಲಿಯಾಗಿದ್ದು, ತೆರೆದಾಗ ಒಳಗಿನ ಗಾಳಿಯೆಲ್ಲ ಬದಲಾಯಿತೆಂದೇ ಇಟ್ಟುಕೊಳ್ಳಿ, ಒಳಬರುವ ನೀರು ಅರ್ಧ ಗ್ರಾಂ. ವಾರಕ್ಕೊಮ್ಮೆ ತೆರೆದರೆ ವರ್ಷಕ್ಕೆ 25 ಗ್ರಾಂ. ತುಂಬಿದ ಬಕೆಟ್ಟಿಗೆ ಅದೂ ಇಲ್ಲ. ಹಾಗಾದರೆ ತೆರೆಯುವುದರಿಂದ ಉಪ್ಪು ಕೆಡುತ್ತದೆ ಎಂಬ ಭಯಕ್ಕೆ ಅಷ್ಟು ಅರ್ಥವಿಲ್ಲ. ತೆರೆದು ಮರೆತರೆ ಮಾತು ಬೇರೆ.

ಒದ್ದೆ ಲೋಟದ ಕಥೆ ನೋಡಿ. ತೊಳೆದು ಕೊಡವಿದ ಅಳತೆ ಲೋಟದ ಗೋಡೆಗೆ, ಹಿಡಿಗೆ ಅಂಟಿದ ಹನಿಗಳು ಸುಲಭವಾಗಿ 5 ಗ್ರಾಂ ಆಗುತ್ತವೆ. ಹತ್ತು ಸಲ ಬಕೆಟ್ಟು ತೆರೆದಷ್ಟು ನೀರು ಒಂದೇ ಸಲಕ್ಕೆ, ಅದೂ ದ್ರವರೂಪದಲ್ಲಿ, ಒಂದೇ ಜಾಗಕ್ಕೆ. ಟ್ಯಾಂಕಿನಲ್ಲಿ ಆಡಿದ ಕೈಯನ್ನು ಹಾಗೇ ಇಳಿಸಿದರೂ ಇದೇ ಫಲ.

ಮೂರನೆಯದು ಸಂದು. ಸುಮಾರು 30 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಸುತ್ತ ಕೂದಲೆಳೆಯ ಎರಡು ಮೂರು ಪಟ್ಟು ದಪ್ಪ, ಅಂದರೆ 0.2 ಮಿಲಿಮೀಟರ್ ಸಂದು ಉಳಿದಿದೆಯೆನ್ನಿ. ಅಂಚಿನ ದಾರಿ 1 ಸೆಂಟಿಮೀಟರ್ ಎಂದು ಹಿಡಿದು ನಿಶ್ಚಲ ಗಾಳಿಯಲ್ಲಿ ನೀರಾವಿ ಹರಡುವ ವೇಗದ ಮೇಲೆ ಲೆಕ್ಕ ಹಾಕಿದರೆ ದಿನಕ್ಕೆ ಅರ್ಧ ಗ್ರಾಂನಿಂದ ಮುಕ್ಕಾಲು ಗ್ರಾಂವರೆಗೆ ನೀರು ಒಳಸೇರುತ್ತದೆ. ಯಾರೂ ಮುಟ್ಟದಿದ್ದರೂ ಹಗಲು ರಾತ್ರಿ ಇದು ನಡೆದೇ ಇರುತ್ತದೆ. ವರ್ಷಕ್ಕೆ 200 ಗ್ರಾಂ. 20 ಕಿಲೋ ಉಪ್ಪಿನಲ್ಲಿ ಇದು ಶೇ. 1 ಮಾತ್ರ ಎನ್ನಬಹುದು. ಆದರೆ ನೀರು ಬಕೆಟ್ಟಿನ ತುಂಬ ಹಂಚಿಕೊಳ್ಳುವುದಿಲ್ಲ, ಮೇಲಿನ ಎರಡು ಸೆಂಟಿಮೀಟರ್ ಪದರವೇ ಅದನ್ನು ಹಿಡಿದುಕೊಳ್ಳುತ್ತದೆ. ಆ ಪದರದ ತೂಕ ಒಂದು ಕಿಲೋ ಚಿಲ್ಲರೆ. ಮೇಲೆ ಗಟ್ಟಿ ಹೊಪ್ಪಳೆ, ಕೆಳಗೆ ಸಡಿಲ ಪುಡಿ ಇರುವ ಬಕೆಟ್ಟುಗಳ ಗುಟ್ಟು ಇದು. ಬಕೆಟ್ಟಿನ ನಡುವೆ ಎಲ್ಲೋ ಒಂದೆರಡು ಗಟ್ಟಿ ಮುದ್ದೆ ಮಾತ್ರ ಇದ್ದರೆ ಕಾರಣ ಒದ್ದೆ ಲೋಟ, ಮುಚ್ಚಳವಲ್ಲ.

ತಿರುಪು ಮುಚ್ಚಳ ತಡೆಯುವುದು ಈ ಮೂರನೆಯ ದಾರಿಯನ್ನು ಮಾತ್ರ. ಅದನ್ನು ಚೆನ್ನಾಗಿಯೇ ತಡೆಯುತ್ತದೆ, ರಿಂಗ್ ಸರಿಯಾಗಿ ಕೂತಿದ್ದರೆ.

ಕೊಳ್ಳುವ ಮೊದಲು ಬಕೆಟ್ಟಿನ ಬಾಯಿ ಅಳೆಯಿರಿ. ಗಾಮಾ ಸೀಲ್ ಮಾಡಿರುವುದು ಸುಮಾರು 12 ಇಂಚು ವ್ಯಾಸದ, 3.5ರಿಂದ 7 ಗ್ಯಾಲನ್‌ವರೆಗಿನ ದುಂಡು ಬಕೆಟ್ಟುಗಳಿಗೆ. ಲೀಟರ್ ಲೆಕ್ಕದಲ್ಲಿ ಮಾಡಿದ ಅನೇಕ ಬಕೆಟ್ಟುಗಳು ಕಣ್ಣಿಗೆ ಅಷ್ಟೇ ಕಂಡರೂ ಅಂಚಿನ ಆಕಾರ ಬೇರೆ. ರಿಂಗ್ ಮೇಲೆ ಕೂತಂತೆ ಕಾಣುತ್ತದೆ, ಕಚ್ಚುವುದಿಲ್ಲ. ಚೌಕ ಬಕೆಟ್ಟಿಗೆ ಇದು ಆಗುವುದೇ ಇಲ್ಲ. ಉಪ್ಪು ಬಂದ ಬಕೆಟ್ಟೇ ಹೊಂದದಿದ್ದರೆ ಹೊಂದುವ ಬೇರೆ ಬಕೆಟ್ಟು ತಂದು, ಒಳಚೀಲ ಸಮೇತ ಅದಕ್ಕೆ ವರ್ಗಾಯಿಸುವುದು ಮೇಲು. ಹೊಸ ಬಕೆಟ್ಟು ತರುವುದಾದರೆ ಗೋಡೆ ದಪ್ಪವಿರುವುದನ್ನು ಆರಿಸಿ. ತೆಳುವಾದದ್ದು ಭಾರಕ್ಕೆ ಅಂಡಾಕಾರವಾಗುತ್ತದೆ, ದುಂಡಲ್ಲದ ಬಾಯಿಯ ಮೇಲೆ ದುಂಡು ರಿಂಗ್ ಎಂದೂ ಸಮನಾಗಿ ಕೂರದು. ಬಣ್ಣ, ಎಣ್ಣೆ, ಸಾಬೂನು ತುಂಬಿದ್ದ ಹಳೆಯ ಬಕೆಟ್ಟು ಬೇಡವೇ ಬೇಡ. ಪ್ಲಾಸ್ಟಿಕ್ಕು ಅವುಗಳ ವಾಸನೆಯನ್ನೂ ಅಂಶವನ್ನೂ ಉಳಿಸಿಕೊಳ್ಳುತ್ತದೆ.

ಕೂರಿಸುವಾಗ ಬಕೆಟ್ಟಿನ ಅಂಚಿನ ಉಪ್ಪಿನ ಹುಡಿಯನ್ನು ಒಣ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ರಿಂಗಿನ ಕೆಳಮೈಯ ತೋಡಿನಲ್ಲಿರುವ ಗ್ಯಾಸ್ಕೆಟ್ ತಿರುಚಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಿ. ಬಕೆಟ್ಟನ್ನು ಗಟ್ಟಿ ನೆಲದ ಮೇಲಿಟ್ಟು ರಿಂಗನ್ನು ಸುತ್ತಲೂ ಕೈಯಿಂದ ಒತ್ತಿ, ಆಮೇಲೆ ರಬ್ಬರ್ ಸುತ್ತಿಗೆಯಲ್ಲಿ ಹೊಡೆಯಬೇಕು. ಒಂದೇ ದಿಕ್ಕಿನಲ್ಲಿ ಸುತ್ತುತ್ತ ಹೊಡೆದರೆ ಕೊನೆಯ ಭಾಗ ಎದ್ದು ನಿಲ್ಲುತ್ತದೆ. ಎದುರುಬದುರು ಹೊಡೆಯುತ್ತ ಹೋದರೆ ಸಮನಾಗಿ ಇಳಿಯುತ್ತದೆ. ಕಚ್ಚಿದ ಕಡೆ ಟಕ್ಕೆಂದು ಸದ್ದಾಗಿ, ಮುಂದಿನ ಪೆಟ್ಟುಗಳ ದನಿ ಗಟ್ಟಿಯಾಗುತ್ತದೆ. ಟೊಳ್ಳು ದನಿ ಬಂದಲ್ಲಿ ಇನ್ನೂ ಕೂತಿಲ್ಲ. ರಿಂಗ್ ಮತ್ತು ಬಕೆಟ್ಟಿನ ನಡುವಿನ ಎತ್ತರ ಸುತ್ತಲೂ ಒಂದೇ ಇದೆಯೇ ಎಂದು ಕಣ್ಣಿನ ಮಟ್ಟದಲ್ಲಿ ನೋಡಿ. ಈ ವಿನ್ಯಾಸದ ದುರ್ಬಲ ಜಾಗ ಇದು, ಮುಚ್ಚಳದ ತಿರುಪಿನ ಗೆರೆಗಳು, ಅಂದರೆ ಥ್ರೆಡ್, ಅಲ್ಲ. ದೂರುಗಳಲ್ಲಿ ಬಹುಪಾಲು ಅರ್ಧ ಕಚ್ಚಿದ ರಿಂಗಿನವು. ಒಮ್ಮೆ ಕೂತ ರಿಂಗನ್ನು ಹಾಳಾಗದಂತೆ ಎಬ್ಬಿಸುವುದು ಕಷ್ಟ, ಆದ್ದರಿಂದ ಪ್ರತಿ ಹೊಸ ಬಕೆಟ್ಟಿಗೂ ಅದನ್ನು ಸಾಗಿಸುವ ಯೋಚನೆ ಬಿಡಿ. ಒಂದು ಬಕೆಟ್ಟನ್ನು ಖಾಯಂ ಉಪ್ಪಿನ ಬಕೆಟ್ಟು ಎಂದು ಇಟ್ಟುಕೊಂಡು ಹೊಸ ಉಪ್ಪನ್ನು ಅದಕ್ಕೆ ಇಳಿಸುವುದೇ ಸರಿ.

ಉಪ್ಪು ಹಾಕುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಎರಡು ಲೀಟರ್ ನೀರು ಹಾಕಿ, ಮುಚ್ಚಿ, ಬಕೆಟ್ಟನ್ನು ಮಗ್ಗುಲಾಗಿ ಕಾಗದದ ಮೇಲೆ ಮಲಗಿಸಿ, ಒಂದು ಗಂಟೆ ಬಿಟ್ಟು ಕಾಲುಭಾಗ ಉರುಳಿಸುತ್ತ ಹೋಗಿ. ಹನಿ ಬಿದ್ದ ಕಡೆ ತಪ್ಪಿದೆ. ಇದು ಒರಟು ಪರೀಕ್ಷೆ. ನೀರು ದಾಟದ ಸಂದನ್ನು ನೀರಾವಿ ದಾಟುತ್ತದೆ. ನಯವಾದ ಪರೀಕ್ಷೆ ಬೇಕಿದ್ದರೆ ಚೆನ್ನಾಗಿ ಒಣಗಿಸಿದ ಖಾಲಿ ಬಕೆಟ್ಟಿನಲ್ಲಿ ಒಣ ಸಿಲಿಕಾ ಜೆಲ್ 100 ಗ್ರಾಂ ಇಟ್ಟು ಮುಚ್ಚಿ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲೊಮ್ಮೆ, ಹದಿನಾಲ್ಕು ದಿನ ಬಿಟ್ಟು ಒಮ್ಮೆ ತೂಗಿ. ಒಳಗಿದ್ದ ಗಾಳಿಯ ಪಾಲು ಅರ್ಧ ಗ್ರಾಂ ಬಿಟ್ಟು, ಉಳಿದ ಏರಿಕೆ ಒಂದು ಗ್ರಾಂ ದಾಟದಿದ್ದರೆ ಮುಚ್ಚಳ ಪಾಸು. ಐದಾರು ಗ್ರಾಂ ಏರಿದ್ದರೆ ರಿಂಗನ್ನು ಮತ್ತೆ ನೋಡಬೇಕು.

ಬಳಕೆಯಲ್ಲಿ ಕಾಣುವ ದೋಷಗಳು ಸಣ್ಣವು, ಆದರೆ ಗೊತ್ತಿರಬೇಕು. ಉಪ್ಪು ಮೊಗೆಯುವಾಗ ಏಳುವ ಹುಡಿ ಥ್ರೆಡ್ಡಿನಲ್ಲಿ ಕೂತು, ಗಾಳಿಯ ಪಸೆಗೆ ಅಂಟಾಗಿ, ಮುಚ್ಚಳ ಕರಕರ ಎನ್ನುತ್ತದೆ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗಡಸು ಒಣ ಬ್ರಷ್ ಸಾಕು. ಗ್ಯಾಸ್ಕೆಟ್ ಮೇಲೆ ಒಂದು ಹರಳು ಸಿಕ್ಕಿಕೊಂಡರೂ ಅಷ್ಟಗಲ ಸಂದಾಗುತ್ತದೆ, ಆದ್ದರಿಂದ ಮುಚ್ಚುವ ಮುನ್ನ ಬೆರಳಿನಿಂದ ಒಂದು ಸುತ್ತು ಸವರುವುದನ್ನು ರೂಢಿ ಮಾಡಿಕೊಳ್ಳಿ. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬಹುದು. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಬೇಡ. ಮುಚ್ಚಳದ ಮೇಲ್ಮೈ ತಗ್ಗಾಗಿರುವುದರಿಂದ ಅಲ್ಲಿ ಬಿದ್ದ ನೀರು ನಿಲ್ಲುತ್ತದೆ, ತೆಗೆಯುವಾಗ ಓರೆಯಾದರೆ ಸೀದಾ ಉಪ್ಪಿಗೆ. ಟ್ಯಾಂಕಿನ ಹತ್ತಿರ ಇಟ್ಟವರು ಇದನ್ನು ಹೆಚ್ಚಾಗಿ ಅನುಭವಿಸುತ್ತಾರೆ. ರಿಂಗ್ ಒಳಕ್ಕೆ ಚಾಚಿರುವುದರಿಂದ ಬಾಯಿ ಕಿರಿದಾಗಿ, ತಳದ ಉಪ್ಪು ಬಳಿಯುವಾಗ ಮೊಣಕೈ ಉಜ್ಜುತ್ತದೆ. ಉದ್ದ ಹಿಡಿಯ ಲೋಟ ಇಟ್ಟುಕೊಳ್ಳಿ. ಮುಚ್ಚಳವನ್ನು ಕೈಬಲಕ್ಕೆ ನಿಲ್ಲುವಷ್ಟು ಬಿಗಿದರೆ ಸಾಕು. ಮೈಬಲವೆಲ್ಲ ಹಾಕಿ ಬಿಗಿದದ್ದು ಮುಂದಿನ ವಾರ ಬಿಡಿಸಲಾಗದೆ ಕೋಲು ಹುಡುಕಿಸುತ್ತದೆ.

ಒಳಚೀಲವನ್ನು ಕಿತ್ತು ಬಿಸಾಡುವವರಿದ್ದಾರೆ. ಇಟ್ಟುಕೊಳ್ಳಿ. ಉಪ್ಪು ತೆಗೆದ ಮೇಲೆ ಚೀಲದ ಗಾಳಿಯನ್ನು ಅಮುಕಿ ಹೊರಹಾಕಿ, ಕತ್ತನ್ನು ನಾಲ್ಕೈದು ಸುತ್ತು ತಿರುಚಿ, ಮಡಚಿ, ಪ್ಲಾಸ್ಟಿಕ್ ಕ್ಲಿಪ್ ಹಾಕಿದರೆ ಎರಡು ಅನುಕೂಲ: ಉಪ್ಪಿನ ಮೇಲೆ ಗಾಳಿಯ ಜಾಗ ಇಲ್ಲವಾಗುತ್ತದೆ, ಥ್ರೆಡ್ಡಿಗೆ ಹುಡಿ ಹಾರುವುದೂ ಕಡಿಮೆ. ಆದರೆ ಚೀಲ ಒಂದನ್ನೇ ನಂಬಿ ಕಪಾಟಿನಲ್ಲಿಟ್ಟರೆ ತಪ್ಪು. ತೆಳು ಪಾಲಿಥಿನ್ ಹಾಳೆ ನೀರನ್ನು ತಡೆಯುತ್ತದೆ, ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ತೂತಿಲ್ಲದ ಚೀಲದ ಮೂಲಕವೂ ಆವಿ ಮೆಲ್ಲಗೆ ಒಳಗಿಳಿಯುತ್ತದೆ. ಹಾಳೆ ದಪ್ಪವಾದಷ್ಟೂ ಅದು ಕಡಿಮೆ. 2 ಮಿಲಿಮೀಟರ್ ದಪ್ಪದ ಬಕೆಟ್ ಗೋಡೆ 0.1 ಮಿಲಿಮೀಟರ್ ಚೀಲಕ್ಕಿಂತ ಇಪ್ಪತ್ತು ಪಟ್ಟು ದಪ್ಪ, ಹಾಗಾಗಿ ಗೋಡೆಯ ಚಿಂತೆ ಬಿಡಬಹುದು. ಬಕೆಟ್ಟಿಲ್ಲದೆ ಪೆಟ್ಟಿಗೆಯಲ್ಲಿ ಚೀಲ ಬಂದಿದ್ದರೆ ಅದನ್ನು ಮೊದಲ ದಿನವೇ ಬಕೆಟ್ಟಿಗೆ ಇಳಿಸಿ. ಅಲ್ಯೂಮಿನಿಯಂ ಪದರದ ಚೀಲ ಸಿಕ್ಕರೆ ವರ್ಷಗಟ್ಟಲೆ ಮುಟ್ಟದೆ ಇಡುವ ಉಪ್ಪಿಗೆ ಅದಕ್ಕಿಂತ ಒಳ್ಳೆಯ ಚೀಲವಿಲ್ಲ, ಬಿಸಿ ಮಾಡಿ ಅಂಟಿಸುವ ಗೆರೆಯ ಮೇಲೆ ಉಪ್ಪಿನ ಹುಡಿ ಇರದಂತೆ ನೋಡಿಕೊಂಡರೆ.

ಸಿಲಿಕಾ ಜೆಲ್ ಬಗ್ಗೆ ಅತಿ ನಂಬಿಕೆ ಇದೆ. ಉಪ್ಪಿನ ಬಕೆಟ್ಟಿನೊಳಗಿನ ಶೇ. 30ರ ಆಸುಪಾಸಿನ ಆರ್ದ್ರತೆಯಲ್ಲಿ 100 ಗ್ರಾಂ ಜೆಲ್ ಹಿಡಿಯುವುದು ಸುಮಾರು 15 ಗ್ರಾಂ ನೀರು. ಸೋರುವ ಮುಚ್ಚಳದ ಕೆಳಗೆ ಅದು ಒಂದು ತಿಂಗಳಿಗೆ ಮುಗಿಯಿತು. ಬಿಗಿ ಮುಚ್ಚಳದ ಕೆಳಗೆ ತಿಂಗಳುಗಟ್ಟಲೆ ಬಾಳುತ್ತದೆ. ಹೀಗಾಗಿ ಜೆಲ್ಲಿನ ನಿಜವಾದ ಉಪಯೋಗ ಮುಚ್ಚಳದ ಮೇಲಿನ ಕಾವಲು. ಬಣ್ಣ ಬದಲಾಗುವ ಬಗೆ ಬೇಕಿದ್ದರೆ ಕಿತ್ತಳೆ ಬಣ್ಣದ್ದನ್ನು ಆರಿಸಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಪೊಟ್ಟಣ ಹರಿದು ಒಂದು ಹಿಡಿ ಉಪ್ಪಿಗೆ ಸೇರಿದರೆ ಆ ಲೋಹವನ್ನು ಹವಳದ ಟ್ಯಾಂಕಿಗೆ ಕೈಯಾರೆ ಹಾಕಿದಂತೆ. ಯಾವ ಬಣ್ಣದ್ದಾದರೂ ಉಪ್ಪಿನ ಮೇಲಿಡದೆ, ಚೀಲದ ಹೊರಗೆ, ಮುಚ್ಚಳದ ಕೆಳಗೆ ಇಡಿ. ಬಟ್ಟೆಯ ಕಪಾಟಿಗೆ ಮಾರುವ, ನೀರು ಕಟ್ಟಿ ತಳದಲ್ಲಿ ದ್ರವವಾಗುವ ಡಬ್ಬಿಗಳಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಅವು ಮಗುಚಿದರೆ ಕೇಡು ಕಾಯುತ್ತಿದೆ, ಬಕೆಟ್ಟಿನೊಳಗೆ ಜಾಗವಿಲ್ಲ.

ಬದಲಿ ಪಾತ್ರೆಗಳಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆಂದು ಮಾಡಿದ, ತಿರುಪು ಮುಚ್ಚಳದ ದೊಡ್ಡ ಡಬ್ಬಗಳು ಚೆನ್ನಾಗಿವೆ. ರಿಂಗ್ ಕೂರಿಸುವ ತಾಪತ್ರಯವೇ ಇಲ್ಲ. ಬದಿಗಳಲ್ಲಿ ನಾಲ್ಕು ಲಾಕ್ ಇರುವ ಉದ್ದ ಪೆಟ್ಟಿಗೆಗಳು ಮೂಲೆಗಳಲ್ಲಿ ಮಾತ್ರ ಬಿಗಿಯಾಗಿ ನಡುವೆ ಬಾಗುತ್ತವೆ, ಉಪ್ಪಿಗೆ ಸಲ್ಲ. ಉಕ್ಕಿನ ಪಟ್ಟಿ ಬಿಗಿಯುವ ದೊಡ್ಡ ಡ್ರಮ್ಮು ಗಾಳಿಯಾಡದಂತೆ ಮುಚ್ಚುತ್ತದೆ ನಿಜ, ಪಟ್ಟಿ ಮಾತ್ರ ಉಪ್ಪಿನ ಹುಡಿಗೆ ತುಕ್ಕು ಹಿಡಿದು ಉದುರುತ್ತದೆ. ತಗಡಿನ ಡಬ್ಬ ಎಷ್ಟೇ ಚೆಂದವಿರಲಿ, ದೂರ.

ಇಡುವ ಜಾಗದ ವಿಷಯದಲ್ಲಿ ಒಂದೇ ಮಾತು ಮುಖ್ಯ: ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ, ಟ್ಯಾಂಕಿನ ನೀರು ಸೋಸುವ ತೊಟ್ಟಿಯಾದ ಸಂಪ್‌ನ ಪಕ್ಕದಲ್ಲಿ ಬೇಡ. ಮನೆಯಲ್ಲಿ ಅತಿ ತೇವದ ಜಾಗ ಅದೇ, ಉಪ್ಪಿನ ಬಕೆಟ್ಟಿಗೆ ಎಲ್ಲರೂ ಆರಿಸುವುದೂ ಅದನ್ನೇ. ತಣ್ಣನೆಯ ಕೋಣೆಯಲ್ಲಿದ್ದ ಬಕೆಟ್ಟನ್ನು ಬೆಚ್ಚನೆಯ ತೇವದ ಜಾಗಕ್ಕೆ ತಂದ ಕೂಡಲೇ ತೆರೆಯಬೇಡಿ; ತಂಪಾದ ಉಪ್ಪಿನ ಮೇಲೆ ಗಾಳಿಯ ಪಸೆ ಇಬ್ಬನಿಯಂತೆ ಇಳಿಯುತ್ತದೆ. 20 ಕಿಲೋ ಉಪ್ಪು ಒಳಗಿನವರೆಗೆ ಬೆಚ್ಚಗಾಗಲು ಒಂದು ದಿನವಾದರೂ ಬೇಕು.

ಗಟ್ಟಿ ಮುಚ್ಚಳದಿಂದ ಇನ್ನೊಂದು ಲಾಭವಿದೆ, ಅದನ್ನು ಯಾರೂ ಹೆಸರಿಸುವುದಿಲ್ಲ: ಬಕೆಟ್ಟನ್ನು ಉರುಳಿಸಬಹುದು. ಸಾಗಣೆಯ ಅಲುಗಾಟಕ್ಕೆ ಮಿಶ್ರಣದ ನಯವಾದ ಹುಡಿ ಕೆಳಗಿಳಿದು ದಪ್ಪ ಹರಳು ಮೇಲುಳಿಯುತ್ತದೆ. ಮೇಲಿನ ಲೋಟಕ್ಕೂ ತಳದ ಲೋಟಕ್ಕೂ ಕ್ಷಾರತೆ ಬೇರೆಯಾಗುತ್ತದೆ. ಬಕೆಟ್ಟನ್ನು ಮಲಗಿಸಿ ಅತ್ತಿತ್ತ ಉರುಳಿಸಿ, ತಲೆಕೆಳಗು ಮಾಡಿ, ಮತ್ತೆ ಉರುಳಿಸಿದರೆ ಒಂದಷ್ಟು ಸಮವಾಗುತ್ತದೆ. ಕಂಠದವರೆಗೆ ತುಂಬಿದ್ದು ಎಷ್ಟು ಉರುಳಿಸಿದರೂ ಬೆರೆಯದು, ಕಾಲುಭಾಗ ಖಾಲಿ ಇರಬೇಕು. ಚೀಲದ ಕ್ಲಿಪ್ಪನ್ನೂ ಮೊದಲು ಬಿಚ್ಚಿರಬೇಕು. ಬೆರೆಸಿದ ಮೇಲೆ ಒಂದು ಸಲದ ನೀರು ಬದಲಾವಣೆಗೆ ಬೇಕಾದಷ್ಟನ್ನು ತೂಗಿ ಪೊಟ್ಟಣ ಮಾಡಿಡುವವರೂ ಇದ್ದಾರೆ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ) ಲವಣಾಂಶಕ್ಕೆ ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ, ಬ್ರಾಂಡಿನ ಮೇಲೆ ಹೋಗುತ್ತದೆ. 40 ಲೀಟರ್ ಬದಲಿಸುವವರಿಗೆ ಪೊಟ್ಟಣ ಸುಮಾರು ಒಂದೂವರೆ ಕಿಲೋ. ದೊಡ್ಡ ಬಕೆಟ್ಟನ್ನು ವರ್ಷಕ್ಕೆ ಐವತ್ತು ಸಲ ತೆರೆಯುವ ಬದಲು ನಾಲ್ಕು ಸಲ ತೆರೆದರಾಯಿತು.

ಇಷ್ಟೆಲ್ಲ ಮಾಡಿಯೂ, ಅಥವಾ ಮಾಡುವ ಮೊದಲೇ, ಉಂಡೆಗಟ್ಟಿದ ಉಪ್ಪು ಕೈಯಲ್ಲಿದ್ದರೆ? ಬೆರಳಿನಲ್ಲಿ ಹಿಸುಕಿದಾಗ ಪುಡಿಯಾಗುವ ಉಂಡೆ ಹೆಚ್ಚಾಗಿ ಬರಿಯ ಒತ್ತಡದ್ದು, ಬಳಸಬಹುದು. ಸುತ್ತಿಗೆ ಬೇಡುವ ಉಂಡೆಯನ್ನು ಪರೀಕ್ಷಿಸಬೇಕು. ಸ್ವಲ್ಪ ಪುಡಿ ಮಾಡಿ, ಆರ್‌ಒ ನೀರಿನಲ್ಲಿ 35 ಪಿಪಿಟಿಗೆ ಕರಗಿಸಿ, ಕೆಲವು ಗಂಟೆ ಪಂಪಿನಲ್ಲಿ ಕಲಕಿ ಕ್ಷಾರತೆ, ಕ್ಯಾಲ್ಸಿಯಂ ಅಳೆಯಿರಿ. ಲವಣಾಂಶವನ್ನು ತೂಕದ ಲೆಕ್ಕದಲ್ಲಿ ನಂಬಬೇಡಿ, ಉಪ್ಪಿನಲ್ಲಿ ಶೇ. 5 ನೀರು ಸೇರಿದ್ದರೆ 35 ಬರಬೇಕಾದಲ್ಲಿ 33 ಚಿಲ್ಲರೆ ಬರುತ್ತದೆ, ಲವಣಾಂಶ ಅಳೆಯುವ ರಿಫ್ರಾಕ್ಟೊಮೀಟರ್ 35 ಎಂದು ಹೇಳುವವರೆಗೆ ಸೇರಿಸಬೇಕು. ತಯಾರಕರು ಕೊಟ್ಟ ಅಂಕಿಗೂ ಅಳೆದ ಕ್ಷಾರತೆಗೂ ಇರುವ ಅಂತರ (ಕ್ಷಾರತೆಯನ್ನು ಡಿಕೆಎಚ್ ಎಂಬ ಮಾನದಲ್ಲಿ ಹೇಳುತ್ತಾರೆ) 1 ಡಿಕೆಎಚ್‌ನೊಳಗೆ ಇದ್ದು, ತಳದಲ್ಲಿ ಬಿಳಿ ಹುಡಿ ಉಳಿಯದಿದ್ದರೆ ಆ ಉಪ್ಪು ಟ್ಯಾಂಕಿಗೆ ಹೋಗಬಹುದು. ಎರಡು ಮೂರು ಡಿಕೆಎಚ್ ಬಿದ್ದಿದ್ದರೆ ಕ್ಷಾರತೆಯನ್ನು ಬೇರೆ ಸೇರಿಸಿ ಸರಿಮಾಡಲು ಬರುತ್ತದೆ, ಆದರೆ ಪ್ರತಿ ಉಂಡೆಯ ಕೊರತೆಯೂ ಬೇರೆಬೇರೆಯಾದ್ದರಿಂದ ಪ್ರತಿ ಸಲವೂ ಅಳೆಯುವ ಕೆಲಸ ಬೀಳುತ್ತದೆ. ಹವಳಗಳ ಟ್ಯಾಂಕಿಗೆ ಅಷ್ಟು ಜೂಜು ಬೇಡ; ಮೀನು ಮಾತ್ರ ಇರುವ ಕ್ವಾರಂಟೈನ್ ಟ್ಯಾಂಕಿಗೆ ಸರಿಮಾಡಿ ಬಳಸಿ ಮುಗಿಸಬಹುದು.

ಒಲೆಯಲ್ಲಿ, ಓವನ್ನಿನಲ್ಲಿ ಒಣಗಿಸುವ ಸಲಹೆ ಆಗಾಗ ತಲೆಯೆತ್ತುತ್ತದೆ. ಸುಣ್ಣವಾದದ್ದು ಬಿಸಿಗೆ ಹಿಂದಿರುಗಿ ಬರುವುದಿಲ್ಲ. ಉಳಿದಿದ್ದ ಬೈಕಾರ್ಬೊನೇಟು ಕೂಡ ಕಾದರೆ ಕಾರ್ಬೊನೇಟಾಗಿ ಒಡೆಯುತ್ತದೆ. ನೀರು ಕೂಡಿದ ಮೆಗ್ನೀಸಿಯಂ ಕ್ಲೋರೈಡ್ ಸುಮಾರು 117 ಡಿಗ್ರಿಗೆ ಕರಗಿ, ಇನ್ನೂ ಮೇಲೆ ಕಾಯಿಸಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ.